ಅಗಸೆ, ಹತ್ತಿ
(ಸೈಪ್ರಸ್)

ನಮ್ಮನ್ನು ಆಗ ‘ಅಗಸೆ-ಹತ್ತಿ’ಯವರು ಅನ್ನುತ್ತಿದ್ದರು.
ಹಾಸು ಒಂದರದು, ಹೊಕ್ಕು ಇನ್ನೊಂದರದು.
ಬೈಗುಳವೋ, ಬರಿ ಹೆಸರೋ, ಗೊತ್ತಿಲ್ಲ;
ಕರೆದರೆ ಓಗೊಡುತ್ತಿದ್ದರಂತೆ.

ಮುತ್ತಾತನ ಅಪ್ಪ ಜಕರಿಯಾ ಶುಕ್ರವಾರ ಮಸೀದಿಗೆ ಹೋಗುವನು,
ಭಾನುವಾರ ಇಗರ್ಜಿಯ ಹಿಂಬಾಗಿಲಲ್ಲಿ ಮೇಣದಬತ್ತಿ ಹಚ್ಚುವನು.
ಮಕ್ಕಳಿಗೆ ಸುನ್ನತಿಯೂ ಆಯಿತು, ತಲೆಗೆ ತೀರ್ಥವೂ ಬಿತ್ತು.
ಪೂರ್ತಿ ಭಕ್ತಿಯೇನಲ್ಲ:
ಸುಲ್ತಾನನ ಕಂದಾಯಕ್ಕೆ ಹೆದರಿ ಹಿಂದೆ ಯಾರೋ ತೊಟ್ಟ ವೇಷ,
ಅಷ್ಟು ಹೊತ್ತಿಗೆ ಚರ್ಮವಾಗಿತ್ತು.

ಆಮೇಲೆ ಬಂದ, ಹೊಸ ದೊರೆಗಳ ಗುಮಾಸ್ತ.
ಕತ್ತೆಯ ಮೇಲೆ ಮಸಿಕುಡಿಕೆ, ಮಡಿಸುವ ಮೇಜು.
ಕೆಟ್ಟವನಲ್ಲ. ನೀರು ಕೇಳಿ ಕುಡಿದ, ಮಗುವಿನ ಕೆನ್ನೆ ಹಿಂಡಿದ,
ಹಾಳೆಯ ಮೇಲೆ ಅಡಿಕೋಲಿಟ್ಟು ಗೆರೆ ಎಳೆದ.
“ಯಾವ ಕಡೆ?”
“ಎರಡೂ.”
“ಎರಡಕ್ಕೆ ಅಂಕಣವಿಲ್ಲ.”
ದುಭಾಷಿ ನಕ್ಕನಂತೆ: ಎರಡು ದೋಣಿಯಲ್ಲಿ ಕಾಲಿಡಬೇಡವೋ ಮುದುಕ.
ಜಕರಿಯಾ ಅಂದ: ಇದು ದ್ವೀಪ ಸ್ವಾಮಿ, ದೋಣಿಯಲ್ಲ.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಹಿರಿಮಗ ಅಂದು ಮೇಕೆಯ ಹಿಂದೆ ಗುಡ್ಡದಲ್ಲಿದ್ದ.
ಬೆವರಿದ ಕತ್ತಲ್ಲಿ ಶಿಲುಬೆ ಕಂಡಿತು, ಎಡಕ್ಕೆ ಬರೆದರು.
ಕಿರಿಯ ನಮಾಜಿನ ಚಾಪೆ ಮಡಿಸುತ್ತಿದ್ದ, ಬಲಕ್ಕೆ.
ಸಂಜೆ ಇಬ್ಬರೂ ಒಂದೇ ತಟ್ಟೆಯ ರೊಟ್ಟಿ ಮುರಿದರು
ಕೈ ಗೆರೆ ದಾಟುತ್ತಿದೆಯೆಂದು ತಿಳಿಯದೆ.

ಗೆರೆಗೆ ಅವಸರವಿರಲಿಲ್ಲ.
ಮೊದಲು ಶಾಲೆ ಎರಡಾಯಿತು,
ಬಾವಿ ಒಂದೇ ಉಳಿದರೂ ಹಗ್ಗ ಎರಡಾದವು.
ಹಿರಿಯನ ಮೊಮ್ಮಗ ಲೂಕಿಸ್ ದೊರೆಗಳನ್ನೋಡಿಸಲು ಬೆಟ್ಟ ಹತ್ತಿದಾಗ
ದೊರೆ ಕಿರಿಯನ ಮೊಮ್ಮಗನಿಗೆ
ಲಾಠಿ, ಬೂಟು, ತಿಂಗಳ ಸಂಬಳ ಕೊಟ್ಟು
ಹಿಡಿದು ತಾ ಅಂದ.
ಆ ಬೂಟು ನನ್ನ ಅಪ್ಪನದು.
ಪಾಲಿಶ್ ಹಾಕುತ್ತಿದ್ದವಳು ನಾನು, ಒಂಬತ್ತು ವರ್ಷ;
ಮುಖ ಕಾಣುವಷ್ಟು ಹೊಳೆಸುತ್ತಿದ್ದೆ.

ಮುಂದಿನದನ್ನೆಲ್ಲ ಗುಮಾಸ್ತನ ತಲೆಗೆ ಕಟ್ಟಲಾರೆ.
ಮಸಿಗೆ ಬೆಂಕಿಕಡ್ಡಿ ಗೀರಲು ಬಾರದು.
ಲೂಕಿಸನ ಬಾದಾಮಿ ತೋಟ ಉರಿದ ರಾತ್ರಿ
ಅಪ್ಪನ ತೋಳಿನಲ್ಲಿ ಸೀಮೆಎಣ್ಣೆ ವಾಸನೆಯಿತ್ತು.
ಅಮ್ಮ ಕೇಳಲಿಲ್ಲ.
ನಾನೂ.

ದೊರೆಗಳು ಹೋದರು, ಗೆರೆ ಉಳಿಯಿತು, ಹಾಳೆಯಿಂದಿಳಿದು
ಬೀದಿಗೆ ಬಂತು, ಮರಳಿನ ಚೀಲ ಪೇರಿಸಿಕೊಂಡಿತು.
ಕೊನೆಗೊಂದು ಬೇಸಿಗೆ ಬಸ್ಸು ಬಂದು ನಿಂತು,
ಉತ್ತರಕ್ಕೆ, ಬೇಗ, ಹತ್ತಿ ಹತ್ತಿ ಅಂದರು.
ಹತ್ತಿ ಹೊರಟಿತು.
ಅಗಸೆ ಅಲ್ಲೇ ಉಳಿಯಿತು.

ಗಡಿ ತೆರೆದ ವಸಂತ, ಮುದುಕಿಯಾಗಿ, ದಾಟಿ ಹೋದೆ.
ಲೂಕಿಸನ ವಿಧವೆ ಮಿಲಿಯಾ ಬಾಗಿಲು ತೆರೆದಳು,
ನನ್ನ ಮೂಗು ನೋಡಿ, ಅಯ್ಯೋ, ಅವರದೇ, ಅಂದಳು.
ಜಕರಿಯಾನ ಹೆಂಡತಿ ನೇಯ್ದ ಹಾಸನ್ನು ಮಂಚದಿಂದ ಎತ್ತಿ ತಂದಳು:
ಎಷ್ಟು ಇಸ್ತ್ರಿ ಹಾಕಿದರೂ ಈ ಸುಕ್ಕು ಹೋಗುವುದಿಲ್ಲ ನೋಡು.
ಹತ್ತಿ ಕುಗ್ಗುತ್ತದೆ, ಅಗಸೆ ಕುಗ್ಗುವುದಿಲ್ಲ, ಅಂದೆ.
ಹಾಗೇ ಬಿಡು.

ಕಾಫಿ ಮಾಡಿದಳು.
ಬಟ್ಟಲಲ್ಲಿ ಒಂದು ಹಿಡಿ ಬಾದಾಮಿ ಇಟ್ಟಳು.
“ಅಂಗಡಿಯದು,” ಅಂದಳು,
ಕಿಟಕಿಯ ಕಡೆ ತಿರುಗಿ.