ಆಯಸ್ಕಾಂತ

ಓರ್ಫೆಯೋ ಬರುತ್ತಾನೆಂದರೆ ನಾನು ಮೊದಲು ಮಾಡುವ ಕೆಲಸ
ಕಾಫಿ ಪಾತ್ರೆಯನ್ನು ಒಲೆಯಿಂದ ಇಳಿಸಿಡುವುದು.
ಕುಡಿಯುತ್ತ ಕೂತರೆ ಏಳುವ ಆಸಾಮಿಯಲ್ಲ.
ಜೇಬಿನಲ್ಲಿ ಕರವಸ್ತ್ರ, ಕರವಸ್ತ್ರದ ಗಂಟಿನಲ್ಲಿ ಆಯಸ್ಕಾಂತ,
ಹಳೆ ಕಾರುಗಳ ಸಂಘದ ಪರೀಕ್ಷಕ.
ಅಂಟಿದರೆ ಉಕ್ಕು, ಜಾರಿದರೆ ಪುಟ್ಟಿ.
ಅಷ್ಟೇ ಅವನ ವೇದಾಂತ.

ಅರವತ್ತೊಂದರ ಲಾಂಚಾ ಆಪಿಯಾ.
ನವೆಂಬರಿನಲ್ಲಿ, ಕಿವಾಸೊ ಊರಿಗೆ ಊರೇ
ಮಂಜಿನಲ್ಲಿ ಮುಖ ಮರೆಸಿಕೊಂಡಿದ್ದಾಗ
ಟ್ರೇಲರಿನ ಮೇಲೆ ಬಂತು.
ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.
ಮಾರುವ ಮುನ್ನಾದಿನ ಯಾರೋ ಬಳಿದ ಹಸಿರು.
ಹಸಿರು ಕೆರೆದರೆ ಕೆನೆ, ಕೆನೆ ಕೆರೆದರೆ ಬರೀ ತುಕ್ಕು.
ಹುಟ್ಟಿದ ಬಣ್ಣ ಉಳಿದಿದ್ದು ಒಂದೇ ಕಡೆ:
ಗಡಿಯಾರ ಕಳಚಿದಾಗ ಅದರ ಬೆನ್ನಿಗೆ
ನಾಣ್ಯದಗಲದ ನೀಲಿ.

ಕಾರ್ಪೆಟ್ ಎತ್ತಿದೆ. ಓಡಿಸುವವರ ಕಾಲಡಿ ನೆಲವೇ ಇಲ್ಲ.
ಇದ್ದದ್ದು ಉಪ್ಪುಮೀನಿನ ಡಬ್ಬದ ತಗಡು.
ಬಿಡಿಸಿ, ತಟ್ಟಿ, ಹದಿನೇಳು ರಿವೆಟ್ ಹೊಡೆದದ್ದು.
ಮೀನಿನ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.
ಯಾರ ಕೈ? ಯಾವ ವರ್ಷ?
ಸಂಬಳಕ್ಕೆ ಇನ್ನೆಷ್ಟು ದಿನವಿದ್ದ ತಿಂಗಳು?
ರಿವೆಟ್ಟಿನ ಸಾಲು ಮಾತ್ರ
ಹೊಸ ಅಳಿಯನ ಕೋಟಿಗೆ ದರ್ಜಿ ಹಾಕಿದ ಹೊಲಿಗೆಯಷ್ಟು ನೇರ.

ಒಡತಿ ಇರ್ಮಾ.
ಇಪ್ಪತ್ತಾರು ವರ್ಷ ಟ್ಯೂರಿನ್ನಿನಲ್ಲಿ ಟ್ರಾಮ್ ಓಡಿಸಿದವಳು.
ಎಡಗಾಲು ಮಂಡಿಯ ಮೇಲಿಂದ ಇಲ್ಲ.
ಹೇಗಾಯಿತು ಎಂದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ.
ನನಗೆ ಹೇಳಿದ್ದು ಮೊಸಳೆಯದು.
"ಗೇರು ಕೈಯಲ್ಲಿದೆ, ಬ್ರೇಕಿಗೆ ಬಲಗಾಲಿದೆ,
ಕ್ಲಚ್ಚಿಗೊಂದು ದಾರಿ ನೋಡು ಡೆಲ್ಫೀನಾ.
ಬಣ್ಣಗಿಣ್ಣ ಆಮೇಲೆ."

ನೋಡಿದೆ. ಚಳಿಗಾಲವಿಡೀ ನೋಡಿದೆ.
ಇಂಜಿನ್ನು ಎಳೆದುಕೊಳ್ಳುವ ಉಸಿರಿನಲ್ಲೇ
ಒಂದು ಗುಟುಕು ಕದ್ದು ಡಬ್ಬಿಯೊಂದಕ್ಕೆ ತಿರುಗಿಸಿದೆ,
ಆ ಡಬ್ಬಿಯೇ ಕ್ಲಚ್ಚನ್ನು ಒತ್ತುವ ಹಾಗೆ.
ಗೇರಿನ ಕೋಲಿಗೆ ಹಳೇ ಸ್ಕೂಟರಿನ ಹಿಡಿ.
ಎರಡು ಬೆರಳು ಸಾಕು,
ಬೆಕ್ಕಿನ ಕಿವಿ ಹಿಂಡುವಷ್ಟು ಬಲ.

ಆದರೆ ಕೇಬಲ್ ದಾಟಬೇಕಾದದ್ದು
ಇಂಜಿನ್ನಿಗೂ ಕೂರುವವರಿಗೂ ನಡುವಿನ ಗೋಡೆ.
ಇಡೀ ಕಾರಿನಲ್ಲಿ ತುಕ್ಕು ಕೂಡ ಮುಟ್ಟಲು ಹಿಂಜರಿದ
ಒಂದೇ ಒಂದು ಹಾಳೆ.
ಡ್ರಿಲ್ ಹಿಡಿದು ನಿಂತೆ. ಕೆಳಗಿಟ್ಟೆ.
ಹೊರಗೆ ಹೋಗಿ ಸಿಗರೇಟು ಸೇದಿ ಬಂದೆ.
ಕಿವಿ ಚುಚ್ಚಿಸಲು ತೊಡೆಯ ಮೇಲೆ ಕೂರಿಸಿದ ಕೂಸನ್ನು
ಸವರುವ ಹಾಗೆ ಒಮ್ಮೆ ಬೆರಳಿಂದ ಸವರಿ
ಚುಚ್ಚಿದೆ. ಎಂಟು ಮಿಲಿಮೀಟರ್.
ಸಣ್ಣ ಸಣ್ಣ ಸುರುಳಿಯಾಗಿ ಉದುರಿತು
ಅರವತ್ತು ವರ್ಷದ ಹೊಳಪು.
ಗುಡಿಸಿ ಎಸೆಯಲು ಮನಸ್ಸಾಗದೆ
ಬೆಂಚಿನ ಮೂಲೆಗೆ ಒತ್ತರಿಸಿಟ್ಟೆ.

ಇವತ್ತು ಬಂದ ಓರ್ಫೆಯೋ.
ನಡುವೆ ಕಂಬವಿಲ್ಲದ ಬಾಗಿಲುಗಳು;
ಎರಡೂ ತೆರೆದರೆ ಮದುವೆಮನೆಯ ಪಡಸಾಲೆ.
ಒಳಗೆ ಬಗ್ಗಿ ಟಕ್, ಟಕ್, ಟಕ್.
ಎಲ್ಲೂ ಜಾರಲಿಲ್ಲ.
ಮೀನಿನ ತಗಡಿಗೂ ಟಕ್ಕೆಂದು ಕಚ್ಚಿತು.
(ಅಡಿಯಲ್ಲಿ ಹೊಸ ನೆಲ ಬೆಸೆದು
ಮೇಲೆ ಅದನ್ನು ಇದ್ದ ಹಾಗೇ ಬಿಟ್ಟಿದ್ದೆ.)
"ಇದೇನು?"
"ಕಾರಿನದೇ."
"ಕಾರ್ಖಾನೆಯದಲ್ಲ."
"ಅಲ್ಲ."
ಆಮೇಲೆ ಹಿಡಿ ಕಂಡಿತು.
ಅಲ್ಯೂಮಿನಿಯಂ. ಆಯಸ್ಕಾಂತ ಜಾರಿ ಸೀಟಿಗೆ ಬಿತ್ತು.
ಕೇಬಲಿನ ಜಾಡು ಹಿಡಿದು ತೂತಿನವರೆಗೂ ಹೋಗಿ
ಸತ್ತವರ ಮನೆಯಿಂದ ಬರುವವನಂತೆ ಹೊರಗೆ ಬಂದ.
ಪುಸ್ತಕದಲ್ಲಿ ಬರೆದ: ಮೂಲಸ್ಥಿತಿಯಲ್ಲಿಲ್ಲ.
ಹಿತ್ತಾಳೆ ಬಿಲ್ಲೆ ಚೀಲಕ್ಕೆ ವಾಪಸು.

ಇರ್ಮಾ ಊರುಗೋಲನ್ನು ಹಿಂದಿನ ಸೀಟಿಗೆ ಎಸೆದಳು.
"ಮೂಲಸ್ಥಿತಿಯಲ್ಲಿ ನಾನೂ ಇಲ್ಲ. ಹತ್ತು,
ಸ್ಟೇಷನ್ನಿನವರೆಗೆ ಬಿಡುತ್ತೇನೆ."
ಹತ್ತಿದ. ಬೇಡವೆನ್ನಲು
ಅವನ ನಿಯಮಗಳಲ್ಲಿ ಜಾಗವಿರಲಿಲ್ಲವೇನೋ.

ರೈಲ್ವೆ ಗೇಟಿನ ತಿರುವಿನಲ್ಲಿ ಎರಡನೇ ಗೇರು
ಸ್ವಲ್ಪ ಹಲ್ಲು ಕಡಿಯಿತು.
ಕೇಬಲನ್ನು ಅರ್ಧ ಸುತ್ತು ಬಿಗಿಯಬೇಕು.

ಬೆಂಚಿಗೆ ಮರಳಿದರೆ ಅಲ್ಲೇ ಇದೆ
ಮಹರಾಯ ಮರೆತುಹೋದ ಗಂಟು.
ಕರವಸ್ತ್ರದ ಸುತ್ತ, ನೂಲಿನ ಮೇಲೆಲ್ಲ,
ಆ ತೂತಿನ ಸುರುಳಿಗಳು
ರೋಮ ಎದ್ದ ಹಾಗೆ ನಿಂತಿವೆ.