ಹಲ್ಲಿನ ಗುರುತು

ಮನೆ ಎಷ್ಟು ಹಳೆಯದು, ನರ್ಸ್ ಕೇಳಿದಳು.
ನನಗೇನು ಗೊತ್ತು. ಮುಹರ್ರಕ್‌ನ ಆ ಗಲ್ಲಿಗೆ ಬಂದು ಎರಡು ವರ್ಷ.
ಸುಣ್ಣ ಉದುರಿದಲ್ಲಿ ಹವಳದ ಕಲ್ಲು ಕಾಣುತ್ತದೆ,
ಮೈತುಂಬ ಪುಟ್ಟ ಪುಟ್ಟ ತೂತು.
ಮಗುವಿನ ರಕ್ತದ ಚೀಟಿಯನ್ನು ನನ್ನ ಕಡೆ ತಿರುಗಿಸಿ
ಒಂದು ಸಂಖ್ಯೆಗೆ ಪೆನ್ನಿನಿಂದ ಸುತ್ತು ಹಾಕಿದಳು.
ದೊಡ್ಡ ಸಂಖ್ಯೆಯಲ್ಲ.
ಸೊನ್ನೆಯೂ ಅಲ್ಲ.

ನೀರು?
ಕುಡಿಯುವುದು ಕ್ಯಾನಿನದು ಸಿಸ್ಟರ್, ಅಂದೆ, ಸ್ವಲ್ಪ ಜಂಬದಿಂದಲೇ.
ಅಡಿಗೆಗೆ?
ಅಡಿಗೆಗೆ ನಲ್ಲಿ.

ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ಒಂದು ಗಂಟೆ ಕುದಿಯಬೇಕು.
ಕುದಿಸಿದರೆ ಎಲ್ಲ ಸಾಯುತ್ತದೆ ಎಂದು ಕಲಿತವಳು ನಾನು.
ಸೀಸ ಸಾಯುವುದಿಲ್ಲವಂತೆ.
ನೀರು ಆವಿಯಾಗಿ ಹೋದಷ್ಟೂ
ಉಳಿದದ್ದರಲ್ಲಿ ದಟ್ಟವಾಗುತ್ತದಂತೆ.
ಆ ತಿಳಿಯನ್ನೇ, ಚಿಟಿಕೆ ಉಪ್ಪು ಹಾಕಿ, ತುಪ್ಪ ಬಿಟ್ಟು,
ಆರಿಸಿ, ಊದಿ, ಅವಳಿಗೆ, ದಿನಾ,
ಇನ್ನೊಂದು ತುತ್ತು ನನ್ನ ಚಿನ್ನ, ಇನ್ನೊಂದೇ ಒಂದು.

ದಯಾಕರ ಡ್ರೈಡಾಕಿನ ರಾತ್ರಿಪಾಳಿಗೆ ಹೋದ ಮೇಲೆ
ಸಿಂಕಿನ ಕೆಳಗೆ ಅಂಗಾತ ಮಲಗಿದೆ, ಬಾಯಲ್ಲಿ ಟಾರ್ಚು.
ಫಿನಾಯಿಲು, ಹಳೇ ಬಾಟಲಿ, ಈರುಳ್ಳಿ ಬುಟ್ಟಿ ಸರಿಸಿದರೆ
ಗೋಡೆಯಿಂದ ಹೊಟ್ಟೆ ಉಬ್ಬಿಸಿಕೊಂಡು ಬರುವ ಪೈಪು.
ಯಾರುಯಾರೋ ಬಾಡಿಗೆಯವರು ಬಳಿದ ಬಣ್ಣ,
ಹಸಿರು, ಕೆನೆ, ಮತ್ತೆ ಹಸಿರು.
ಫ್ರಿಜ್ಜಿನ ಬಾಗಿಲಿನಿಂದ ಹಾಯಿದೋಣಿಯ ಅಯಸ್ಕಾಂತ ಕಿತ್ತು ತಂದು ಹಿಡಿದೆ.
ಕಬ್ಬಿಣವಾದರೆ ಅಂಟಬೇಕು.
ದೋಣಿ ಜಾರಿ ನನ್ನ ಕೊರಳ ಮೇಲೆ ಬಿತ್ತು.

ನೂರು ಫಿಲ್ಸಿನ ನಾಣ್ಯದಿಂದ ಗೀಚಿದೆ.
ತಾಮ್ರವಾಗಲಿ ದೇವರೇ, ಕೆಂಪಗೆ ಬರಲಿ.
ಬೆಳ್ಳಗೆ ಬಂತು.
ಬಲವೇ ಬೇಕಾಗಲಿಲ್ಲ, ಮೇಣದ ಹಾಗೆ.

ಆ ಹೊಳಪು ನನಗೆ ಗೊತ್ತು.
ಮಲ್ಪೆಯಲ್ಲಿ ಅಪ್ಪ ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುವಾಗ
ಇಕ್ಕಳ ಹುಡುಕುವ ಗೋಜಿಗೆ ಹೋದವನಲ್ಲ.
ದವಡೆಯಲ್ಲಿಟ್ಟು ಕಚ್ಚಿ ಮುಚ್ಚುತ್ತಿದ್ದ.
ಒಂದೊಂದು ಗುಂಡಿನಲ್ಲೂ ಅವನ ಹಲ್ಲಿನ ಗುರುತು
ಹೊಸ ಪಾವಲಿಯ ಹಾಗೆ ಮಿಂಚುತ್ತಿತ್ತು.
ಸ್ವಲ್ಪ ಸಿಹಿ ಉಂಟು ಮಗಳೇ, ಅನ್ನುತ್ತಿದ್ದ.
ನಾನೂ ಒಂದೆರಡು ಕಚ್ಚಿದ್ದೇನೆ.
ಐವತ್ತಕ್ಕೇ ಅವನ ಕೈ ನಡುಗಿತು, ಗಂಟು ಹಾಕುವುದು ಮರೆತುಹೋಯಿತು.
ಕುಡಿತ, ಅಂದಿತು ಊರು.
ಚಹಾ ಬಿಟ್ಟು ಬೇರೇನೂ ಕುಡಿಯದ ಮನುಷ್ಯ.

ಬೆಳಿಗ್ಗೆ ಮಗುವನ್ನೆತ್ತಿಕೊಂಡು ಉಮ್ಮ್ ರಾಶಿದ್ ಬಾಗಿಲಲ್ಲಿ ನಿಂತೆ.
ಮನೆಯೊಡತಿ. ಗೋಡೆಯಾಚೆಯೇ ಅವಳ ವಾಸ.
ನನ್ನ ಅರಬಿ ಸೊಪ್ಪಿನಂಗಡಿಯವರೆಗಷ್ಟೇ ಬರುತ್ತದೆ,
ಸೀಸಕ್ಕೆ ಮಾತಿಲ್ಲದೆ ತಡವರಿಸಿದೆ.
ಬಾಗಿಲು ಮುಚ್ಚದಂತೆ ಇಟ್ಟ ಬೂದು ಗುಂಡೊಂದು ಕಾಲಿಗೆ ತಾಗಿತು,
ಪೇರಳೆಯಾಕಾರ, ಕುತ್ತಿಗೆಗೆ ಹಗ್ಗದ ತೂತು.
ಅಜ್ಜನದು, ಅಂದಳು.
ಅದಕ್ಕೆ ಕಾಲು ಕೊಟ್ಟು ಅವನು ಮುತ್ತಿಗೆ ಮುಳುಗುತ್ತಿದ್ದ.
ಕೂತು, ಅದೇ ನಾಣ್ಯದಿಂದ ಅದನ್ನು ಗೀಚಿದೆ.
ಅದೇ ಬೆಳ್ಳಿ.
ಅಡಿಗೆಮನೆಯ ಕಡೆ ಬೆರಳು ತೋರಿಸಿದೆ.

ರಸಾಸ್, ಅಂದಳು ಮುದುಕಿ ನಿಧಾನ.
ಕೋವಿಯ ಗುಂಡಿಗೂ ಅವರಲ್ಲಿ ಅದೇ ಮಾತು.

ಬೈಯುತ್ತಾಳೆ, ಬಾಡಿಗೆ ಏರಿಸುತ್ತಾಳೆ, ಖಾಲಿ ಮಾಡು ಅನ್ನುತ್ತಾಳೆ,
ಮೂರಕ್ಕೂ ತಯಾರಾಗಿ ಬಂದಿದ್ದೆ.
ಅವಳು ಬೆರಳು ಮಡಿಸತೊಡಗಿದಳು.
ರಾಶಿದ್. ಶೇಖಾ. ಮೌಜಾ.
ಆ ಮನೆಯಲ್ಲಿ ಹೆತ್ತವರನ್ನು ಒಬ್ಬೊಬ್ಬರಾಗಿ.
ಆರನೆಯ ಹೆಸರಿಗೆ ಬಂದು ಬೆರಳು ನಿಂತಿತು.
ಮಾತು ತಡವಾಗಿ ಬಂದವನಂತೆ.
ಈಗಲೂ ಸರಿಯಾಗಿ ಬಂದಿಲ್ಲವಂತೆ.

ಅಷ್ಟರಲ್ಲಿ ನನ್ನ ಕಂಕುಳಿಂದ ಇಳಿದವಳು
ಬಾಗಿಲ ಬಳಿ ಕುಕ್ಕರಿಸಿ ಗುಂಡನ್ನು ಎತ್ತಲು ನೋಡಿದಳು.
ಅದು ಅಲ್ಲಾಡಲಿಲ್ಲ.
ಹೊಳೆಯುವ ಗೀಚಿಗೆ ಬಾಯಿ ತಂದಳು,
ನಾಲ್ಕೇ ನಾಲ್ಕು ಹಲ್ಲಿನ ಬಾಯಿ.

ನಾನು ಕನ್ನಡದಲ್ಲಿ ಕೂಗಿದೆ, ಅವಳು ಅರಬಿಯಲ್ಲಿ,
ಇಬ್ಬರೂ ಒಟ್ಟಿಗೆ.
ಮಗು ಬೆಚ್ಚಿ, ಯಾರ ಕಡೆ ನೋಡಿ ಅಳಬೇಕೆಂದು
ಒಂದು ಗಳಿಗೆ ಯೋಚಿಸಿತು.