ಇಪ್ಪತ್ತೊಂದನೆಯದು

ಪಟ್ಟಿಯಲ್ಲಿ ಇಪ್ಪತ್ತೇ ಹಾಡು.
ಇಪ್ಪತ್ತೊಂದನೆಯದನ್ನು ನಾವು ಬರೆಯುವುದಿಲ್ಲ.
ಸರ್ವಮಂಗಳಾ ಮೈಕು ಹಿಡಿದು
"ದಾವಣಗೆರೆ, ಬರ್ತೀವ್ರೀ" ಅನ್ನುತ್ತಾಳೆ,
ಹೋಗುತ್ತೇವೆ.
ಹೋಗುವುದೆಂದರೆ ಹೈಸ್ಕೂಲು ಮೈದಾನದ ವೇದಿಕೆ ಹಿಂದೆ,
ಜನರೇಟರಿನ ಪಕ್ಕಕ್ಕೆ, ಎಂಟು ಹೆಜ್ಜೆ.
ಹೆಗಲಿಂದ ಗಿಟಾರು ಇಳಿಸದೆ ಕೊಟ್ರೇಶಿ
ಕತ್ತಲಲ್ಲೇ ಮುಂದಿನದಕ್ಕೆ ಶ್ರುತಿ ಕೂಡಿಸುತ್ತಿರುತ್ತಾನೆ.

ಗೊತ್ತು, ಇದು ನಾಟಕ.
ಅವರಿಗೂ ಗೊತ್ತು.
ಆದರೆ ನೆಂಟರ ಮನೆಯಲ್ಲಿ ಚಪ್ಪಲಿ ಮೆಟ್ಟಿದ ಮೇಲೆ ತಾನೇ
ನಿಜವಾದ ಮಾತು ಶುರುವಾಗುವುದು?
ತಮ್ಮನ ಸಾಲ, ಮಗಳಿಗೆ ನೋಡಿದ ಗಂಡು,
ಒಳಗೆ ಎರಡು ತಾಸು ಕೂತಾಗ ಬಾರದ್ದು
ಒಂದು ಕಾಲು ಹೊಸ್ತಿಲಾಚೆ ಇಟ್ಟಾಗ ಬರುತ್ತದೆ.
ಹೊರಟವರು 'ಹೋಗ್ತೀನಿ' ಅಂದರೆ
ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು:
"ಬರ್ತೀನಿ ಅನ್ನು."

ಅಜ್ಜ ನಾಟಕ ಕಂಪನಿಯಲ್ಲಿ ಪರದೆ ಎಳೆಯುವವ.
ಒಂದು ರಾತ್ರಿ ಯುವರಾಜ ಬಾಣ ತಾಕಿ ಸತ್ತ ಮೇಲೆ,
ಎರಡನೇ ಪಾಳಿ ಮುಗಿಸಿ ತಡವಾಗಿ ಬಂದ ಗಿರಣಿಯವರು
ಹಾಡು ತಪ್ಪಿತೆಂದು ಎದ್ದು ನಿಂತು
ಒನ್ಸ್‌ಮೋರ್ ಅಂದರಂತೆ.
ಸತ್ತವನು ಎದ್ದ. ಅಂಗಿಯ ಧೂಳು ಕೊಡವಿದ.
ಅದೇ ಪದ ಹಾಡಿ ಅದೇ ಜಾಗದಲ್ಲಿ ಸತ್ತ.
ಮೂರು ಸಲ.
"ನಾಲ್ಕನೇದಕ್ಕೆ ನಾನೇ ಪರದೆ ಬಿಟ್ಟೆ,
ಪಾಪ, ಎಷ್ಟು ಸಲ ಅಂತ ಸಾಯ್ತಾನೆ."
ಬೀಡಿ ಆರುವವರೆಗೂ ಸುಮ್ಮನಿದ್ದು
"ಬಿಡಬಾರದಿತ್ತು" ಅನ್ನುತ್ತಿದ್ದ.

ಹೋದ ಮಾರ್ಚಿನಲ್ಲಿ ಮಾತ್ರ ಯಾರೂ ಕೂಗಲಿಲ್ಲ.
ಯಾವುದೋ ಪತ್ತಿನ ಸಂಘದ ವಾರ್ಷಿಕೋತ್ಸವ,
ಊಟ ಮೊದಲೇ ಬಡಿಸಿಬಿಟ್ಟಿದ್ದರು.
ಎಂಟು ಹೆಜ್ಜೆ ಹೋದೆವು, ನಿಂತೆವು.
ಪ್ಲಾಸ್ಟಿಕ್ ಕುರ್ಚಿಗಳು
ಒಂದರೊಳಗೊಂದು ಕೂರುವ ಸದ್ದು.
ದೂರದಲ್ಲಿ ರೈಲ್ವೆ ಗೇಟು ಬೀಳುವ ಗಂಟೆ.
ಸರ್ವಮಂಗಳಾ ಸೆರಗಿನಿಂದ ತುಟಿಯ ಬಣ್ಣ ಒರೆಸಿಕೊಂಡಳು.
"ಹತ್ತಾಯ್ತು" ಅಂದ ಪೊಲೀಸಿನವನು,
ಮೆತ್ತಗೇ ಅಂದ, ಅದಕ್ಕೇ ಇನ್ನಷ್ಟು ಚುಚ್ಚಿತು.

ಹಾಡದೆ ಉಳಿದ ಹಾಡು
ಸ್ಪೀಕರು ಡಬ್ಬಿಗಳ ನಡುವೆ ಟಾಟಾ ಏಸ್ ಹತ್ತಿತು.
ನನ್ನ ಡ್ರಮ್ಮುಗಳಿಗಿಂತ ಭಾರ.
ಪಿ.ಬಿ. ರಸ್ತೆ ಉದ್ದಕ್ಕೂ ಯಾರೂ ಅದರ ಹೆಸರೆತ್ತಲಿಲ್ಲ.

ಕ್ಲಾರಿಯೋನೆಟ್ಟಿನ ದಾದಾಪೀರ್ ಮಾಮನದು
ಮೂರು ಗಂಟೆಗೆ ಮಂಡಕ್ಕಿ ಭಟ್ಟಿ ಪಾಳಿ.
ಚಾ ಕುಡಿಯೋಣವೆಂದು ಎಲ್ಲರೂ ಅಲ್ಲೇ ಇಳಿದೆವು.
ಹೊಗೆ. ಉಪ್ಪಿನ ವಾಸನೆ. ಕೆಂಪಗೆ ಕಾದ ಬಾಣಲೆ.
ಅವನು ಬೆಂಕಿಗೆ ಹೇಳುವಂತೆ ಹೇಳಿದ:
"ಒಂದ್ಸಲ ಬೇಯ್ಸಿ, ಒಣಗ್ಸಿ, ಹೊಟ್ಟು ಬಿಡ್ಸಿ ಆಗಿರ್ತದೆ.
ನಂದು ಮುಗೀತು ಅಂದ್ಕೊಂಡಿರ್ತದೆ ಅಕ್ಕಿ.
ಮತ್ತೆ ಮರಳಿಗೆ ಹಾಕಿದ್ರೇನೇ ನೋಡು ಅರಳೋದು."
ಮರಳು ಎಂಬ ಮಾತಿಗೆ ಎರಡು ಅರ್ಥವಿದೆಯಲ್ಲ ಎಂದು
ನನಗೆ ಹೊಳೆದದ್ದು ಮನೆಗೆ ಬಂದು ಮಲಗಿದ ಮೇಲೆ.

ಆಗ ಮಾತ್ರ ನೋಡುತ್ತ ಕೂತಿದ್ದೆ:
ಅವನು ಕೈಯ ಮಸಿ ಲುಂಗಿಗೆ ಒರೆಸಿ,
ಪೆಟ್ಟಿಗೆ ತೆಗೆದು, ತುಂಡುತುಂಡು ಜೋಡಿಸಿ
ಇಪ್ಪತ್ತೊಂದನೆಯದನ್ನು ಊದಿದ.
ಬಾಣಲೆಯಲ್ಲಿ ಚಟಪಟ.
ಗೋಣಿ ಹೊಲಿಯುವ ಹೆಂಗಸರ ದಬ್ಬಣ
ಅರ್ಧಕ್ಕೆ ನಿಂತಿತು, ಮತ್ತೆ ಓಡಿತು.
ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕೈ ಬಿಡುವಿರಲಿಲ್ಲ.

ಮುಗಿದ ಮೇಲೆ ಮೂಲೆಯಿಂದ ಒಬ್ಬಳು
ತಲೆಯೆತ್ತದೆ ಕೇಳಿದಳು:
"ಯಾಕ್ ನಿಲ್ಸಿದ್ರಿ?"

ಇಪ್ಪತ್ತೆರಡನೆಯದು ನಮ್ಮಲ್ಲಿರಲಿಲ್ಲ.
ಕೊಟ್ರೇಶಿ ನನ್ನ ಮುಖ ನೋಡಿದ.
ನಾನು ಖಾಲಿ ಎಣ್ಣೆ ಡಬ್ಬಿಯೊಂದನ್ನು
ಮಂಡಿಯ ನಡುವೆ ಎಳೆದುಕೊಂಡೆ.